ಮೋಟರ್‌ಹೋಮ್‌ಗೆ ಹೊಸ ಟೈರ್: ಕಿಲೋಮೀಟರ್ ಅಲ್ಲ, ವರ್ಷ ನೋಡಿ ಕೊಳ್ಳಿ

ಲಾರಿಯ ಟೈರ್ ಓಡಿ ಓಡಿ ಸವೆಯುತ್ತದೆ. ಮೋಟರ್‌ಹೋಮಿನ, ಅಂದರೆ ಒಳಗೇ ಮನೆ ಕಟ್ಟಿಕೊಂಡ ಪ್ರವಾಸದ ಗಾಡಿಯ ಟೈರ್ ನಿಂತಲ್ಲೇ ಮುದಿಯಾಗುತ್ತದೆ. ವರ್ಷದಲ್ಲಿ ಕೆಲವೇ ವಾರ ರಸ್ತೆಗಿಳಿದು, ಉಳಿದ ತಿಂಗಳುಗಳೆಲ್ಲ ಪೂರ್ತಿ ಭಾರ ಹೊತ್ತು, ಬಿಸಿಲಿಗೆ ಮೈಯೊಡ್ಡಿ ನಿಲ್ಲುವುದೇ ಅದರ ಬಾಳು. ಮೇಲ್ಮೈಯ ಅಚ್ಚು ಹೊಸದರಂತೆ ಕಾಣುತ್ತಿರುವಾಗಲೇ ಒಳಗಿನ ರಬ್ಬರ್ ಬಿರುಸಾಗಿ, ಪದರಗಳ ಹಿಡಿತ ಸಡಿಲವಾಗಿರುತ್ತದೆ. ಈ ಒಂದು ಸಂಗತಿ ತಲೆಯಲ್ಲಿದ್ದರೆ ಯಾವ ಟೈರ್ ಅಗ್ಗ, ಯಾವುದು ದುಬಾರಿ ಎಂಬ ಲೆಕ್ಕ ಬೇರೆಯೇ ಆಗುತ್ತದೆ. ಕಾರಿಗೆ ಟೈರ್ ಕೊಳ್ಳುವ ರೂಢಿ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ.

1. ಈಗಿರುವ ಟೈರ್ ಏನು ಹೇಳುತ್ತದೆ ನೋಡಿ

ಹೊಸದನ್ನು ಹುಡುಕುವ ಮೊದಲು ಟಾರ್ಚ್ ಹಿಡಿದು ಗಾಡಿಯ ಕೆಳಗೆ ಬಗ್ಗಿ. ಟೈರಿನ ಪಕ್ಕೆಯಲ್ಲಿ 'ಡಾಟ್' (DOT) ಎಂದು ಶುರುವಾಗುವ ಅಕ್ಷರ-ಅಂಕಿಗಳ ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳೇ ತಯಾರಾದ ವಾರ ಮತ್ತು ವರ್ಷ. 2319 ಎಂದಿದ್ದರೆ 2019ರ 23ನೇ ವಾರ. ಈ ನಾಲ್ಕು ಅಂಕಿಗಳು ಹಲವು ಟೈರುಗಳಲ್ಲಿ ಒಂದೇ ಪಕ್ಕೆಯಲ್ಲಿರುತ್ತವೆ. ಹೊರಗೆ ಕಾಣದಿದ್ದರೆ ಒಳಪಕ್ಕೆಯಲ್ಲಿ ಹುಡುಕಬೇಕು. ಮೂರೇ ಅಂಕಿ ಕಂಡರೆ ಅದು 2000ಕ್ಕೂ ಹಿಂದಿನದು. ಅಂಥ ಟೈರಿನ ಮೇಲೆ ಗಾಡಿ ಸರಿಸುವ ಯೋಚನೆಯೂ ಬೇಡ.

ವಯಸ್ಸಿನ ಬಗ್ಗೆ ಟೈರ್ ಕಂಪನಿಗಳು ಸಾಮಾನ್ಯವಾಗಿ ಹೇಳುವುದು ಇಷ್ಟು: ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ತಿಳಿದವರಿಂದ ತಪಾಸಣೆ, ತಯಾರಾಗಿ ಹತ್ತು ವರ್ಷವಾದರೆ ಹೇಗೇ ಕಾಣಲಿ, ಬದಲಾವಣೆ. ಹತ್ತು ಎಂಬುದು ಕೊನೆಯ ಗಡಿಯೇ ಹೊರತು ಅಲ್ಲಿಯವರೆಗೆ ಓಡಿಸಿ ಎಂಬ ಭರವಸೆಯಲ್ಲ. ಬ್ರಿಟನ್ನಿನಲ್ಲಿ 2021ರ ಫೆಬ್ರವರಿಯಿಂದ ಲಾರಿ, ಬಸ್ಸುಗಳ ಮುಂದಿನ ಆಕ್ಸಲ್‌ನಲ್ಲಿ (ಎರಡೂ ಬದಿಯ ಚಕ್ರಗಳನ್ನು ಹೊರುವ ಅಡ್ಡದಂಡ) ಹತ್ತು ವರ್ಷ ಮೀರಿದ ಟೈರ್ ಬಳಸುವುದೇ ನಿಷಿದ್ಧ. ಭಾರ ಹೊತ್ತು ನಿಲ್ಲುವ ಮೋಟರ್‌ಹೋಮಿಗೆ ಏಳನೇ ವರ್ಷವನ್ನು ಗಡುವು ಎಂದುಕೊಳ್ಳುವುದು ನನ್ನ ಮಟ್ಟಿಗೆ ಸರಿಯಾದ ಲೆಕ್ಕ. ಕೆಳಗಿನ ಅಂದಾಜುಗಳೆಲ್ಲ ಅದರ ಮೇಲೆಯೇ ನಿಂತಿವೆ.

ಪಕ್ಕೆಯ ಮೇಲೆ ಕೂದಲೆಳೆಯಂಥ ಬಿರುಕುಗಳಿದ್ದರೆ ಅದು ಓಝೋನ್ ಮತ್ತು ಬಿಸಿಲಿನ ಕೆಲಸ. ರಬ್ಬರಿನಲ್ಲಿ ಬೆರೆಸಿದ ಮೇಣ ಮತ್ತು ರಕ್ಷಕ ರಾಸಾಯನಿಕಗಳು ಟೈರ್ ಉರುಳಿ ಬಾಗಿದಾಗ ಮೇಲ್ಮೈಗೆ ಒಸರಿ ಬಂದು ಕಾಪಾಡುತ್ತವೆ. ನಿಂತ ಗಾಡಿಯಲ್ಲಿ ಆ ಒಸರುವಿಕೆ ನಡೆಯುವುದಿಲ್ಲ. ಹೆಚ್ಚು ಓಡಿದ ಟೈರಿಗಿಂತ ಓಡದ ಟೈರ್ ಬೇಗ ಬಿರಿಯುವುದು ಇದಕ್ಕೇ. ಬಿರುಕಿಗಿಂತ ಗಂಭೀರವಾದದ್ದು ಉಬ್ಬು. ಪಕ್ಕೆಯಲ್ಲಿ ಗುಳ್ಳೆಯಂತೆ ಎದ್ದಿದ್ದರೆ ಒಳಗಿನ ದಾರ ಹರಿದಿದೆ ಎಂದರ್ಥ, ಅದರ ಮೇಲೆ ಅಂಗಡಿಯವರೆಗೂ ಓಡಿಸಬೇಡಿ.

ಸವೆತದ ರೀತಿಯನ್ನೂ ಗಮನಿಸಿ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚು ಸವೆದಿದ್ದರೆ ಕಡಿಮೆಯಾಗಿತ್ತು. ಒಂದೇ ಅಂಚು ತಿಂದುಹೋಗಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ಹಳ್ಳ ಬಿದ್ದಂತಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ಕಡೆ ನೋಡಬೇಕು. ಈ ಕಾಯಿಲೆಗೆ ಮದ್ದು ಮಾಡದೆ ಹೊಸ ಟೈರ್ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

2. ಮೊದಲ ಖರ್ಚು ತೂಕದ ಚೀಟಿಗೆ

ಟೈರಿನ ಹಣ ಉಳಿಸಲು ಹೊರಟವರು ಮೊದಲು ಹೋಗಬೇಕಾದದ್ದು ಟೈರಿನ ಅಂಗಡಿಗಲ್ಲ, ಗಾಡಿ ತೂಗುವ ವೇ ಬ್ರಿಡ್ಜ್‌ಗೆ. ತೂಕ ಗೊತ್ತಿಲ್ಲದೆ ಟೈರ್ ಕೊಳ್ಳುವುದು ಕಾಲಿನ ಅಳತೆ ಗೊತ್ತಿಲ್ಲದೆ ಚಪ್ಪಲಿ ತರುವಂತೆ.

ಖಾಲಿ ಗಾಡಿ ತೂಗಿಸಿ ಪ್ರಯೋಜನವಿಲ್ಲ. ಪ್ರವಾಸಕ್ಕೆ ಹೊರಟಾಗ ಹೇಗಿರುತ್ತದೋ ಹಾಗೆ ತುಂಬಿಸಿ: ಇಂಧನ, ಗ್ಯಾಸ್ ಸಿಲಿಂಡರ್, ಪಾತ್ರೆ-ಪಡಗ, ಹಾಸಿಗೆ, ಸೈಕಲ್, ಕೂರುವ ಜನ. ನೀರನ್ನು ಮರೆಯಬೇಡಿ. ಒಂದು ಲೀಟರ್ ಎಂದರೆ ಒಂದು ಕೆಜಿ, 120 ಲೀಟರಿನ ಟ್ಯಾಂಕ್ ಎಂದರೆ ಇಬ್ಬರು ದೊಡ್ಡವರ ತೂಕ. ಹಿಂದೆ ಏನನ್ನಾದರೂ ಎಳೆಯುವವರಾದರೆ ಅದನ್ನೂ ಸಿಕ್ಕಿಸಿಕೊಂಡೇ ಹೋಗಿ, ಕೊಕ್ಕೆಯ ಮೇಲಿನ ಭಾರ ಹಿಂದಿನ ಆಕ್ಸಲ್‌ಗೆ ಬೀಳುತ್ತದೆ.

ಒಟ್ಟು ತೂಕ ಸಾಲದು. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆಬೇರೆ ತೂಗಿಸಿ. ಸಾಧ್ಯವಾದರೆ ಒಂದೊಂದು ಬದಿಯನ್ನೂ ಬೇರೆಯಾಗಿ ತೂಗಿಸಿ. ಮೋಟರ್‌ಹೋಮ್ ಎಂದರೆ ಚಕ್ರದ ಮೇಲಿನ ಮನೆ. ಅಡುಗೆಕಟ್ಟೆ, ಫ್ರಿಜ್, ನೀರಿನ ಟ್ಯಾಂಕ್ ಒಂದೇ ಬದಿಗೆ ಬಂದಿದ್ದರೆ ಆ ಬದಿಯ ಟೈರ್ ಸದ್ದಿಲ್ಲದೆ ಹೆಚ್ಚು ಹೊರುತ್ತಿರುತ್ತದೆ.

ಒಂದು ಉದಾಹರಣೆ ನೋಡಿ. ಹಿಂದಿನ ಆಕ್ಸಲ್ 2200 ಕೆಜಿ, ಎರಡೇ ಟೈರ್. ಸಮವಾಗಿ ಭಾಗಿಸಿದರೆ ಟೈರಿಗೆ 1100 ಕೆಜಿ. 1250 ಕೆಜಿ ಹೊರುವ ಟೈರ್ ಹಾಕಿದರೆ 150 ಕೆಜಿ ಉಳಿಕೆ, ಸಾಕು ಅನಿಸುತ್ತದೆ. ಬದಿ ಬದಿಯಾಗಿ ತೂಗಿಸಿದಾಗ ಎಡಕ್ಕೆ 1150, ಬಲಕ್ಕೆ 1050 ಬಂತು ಎನ್ನಿ. ಎಡ ಟೈರಿಗೆ ಉಳಿಯುವುದು ಬರೀ 100 ಕೆಜಿ. ತಿರುವಿನಲ್ಲಿ ಗಾಡಿ ವಾಲಿದಾಗ, ಅಡ್ಡಗಾಳಿ ಹೊಡೆದಾಗ ಅಷ್ಟು ಕರಗಲು ಹೆಚ್ಚು ಹೊತ್ತು ಬೇಕಿಲ್ಲ. ಅದೇ ಅಳತೆಯಲ್ಲಿ 1450 ಕೆಜಿ ಹೊರುವ ಟೈರ್ ಸಿಕ್ಕಿದರೆ 300 ಕೆಜಿ ಉಳಿಕೆ, ಸಾಮರ್ಥ್ಯದ ಐದನೇ ಒಂದು ಭಾಗ. ಹೆಚ್ಚು ಹಣ ಕೊಡಬೇಕಾದರೆ ಅದು ಸಲ್ಲಬೇಕಾದದ್ದು ಇಂಥಲ್ಲಿ. ಭಾರವಾದ ಬದಿಯ ಲೆಕ್ಕದಲ್ಲಿ ಕನಿಷ್ಠ ಶೇ 10-15 ಉಳಿಕೆ ಇರಲಿ.

ತೂಗಿಸಿದಾಗ ಗಾಡಿಯ ದಾಖಲೆಯಲ್ಲಿರುವ ಆಕ್ಸಲ್ ಮಿತಿಯನ್ನೇ ಮೀರಿದ್ದು ಕಂಡರೆ? ದೊಡ್ಡ ಟೈರ್ ಹಾಕಿದರೆ ಆಕ್ಸಲ್, ಸ್ಪ್ರಿಂಗ್, ಬ್ರೇಕು ಗಟ್ಟಿಯಾಗುವುದಿಲ್ಲ. ಸಾಮಾನು ಇಳಿಸುವುದೊಂದೇ ದಾರಿ.

3. ಪಕ್ಕೆಯ ಮೇಲಿನ ಬರಹ ಬಿಡಿಸಿ ಓದುವುದು

'225/75 ಆರ್ 16 ಸಿ 121/120 ಆರ್' ಎಂಬ ಟೈರ್ ತೆಗೆದುಕೊಳ್ಳೋಣ. 225 ಎಂಬುದು ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಪಕ್ಕೆಯ ಎತ್ತರ ಅಗಲದ ಶೇ 75. ಮೊದಲ 'ಆರ್' ರೇಡಿಯಲ್, 16 ರಿಮ್ಮಿನ ವ್ಯಾಸ ಇಂಚಿನಲ್ಲಿ. 'ಸಿ' ಏನೆಂಬುದು ಮುಂದಿನ ಭಾಗದಲ್ಲಿದೆ. ನಂತರದ 121/120 ಭಾರದ ಸೂಚ್ಯಂಕ: ಒಂಟಿ ಚಕ್ರವಾಗಿದ್ದರೆ 121, ಅಂದರೆ 1450 ಕೆಜಿ, ಜೋಡಿ ಚಕ್ರವಾಗಿದ್ದರೆ (ಒಂದೇ ಬದಿಗೆ ಎರಡು ಟೈರ್) 120, ಅಂದರೆ ಒಂದೊಂದಕ್ಕೆ 1400 ಕೆಜಿ. ಕೊನೆಯ 'ಆರ್' ವೇಗದ ಗುರುತು, ಗಂಟೆಗೆ 170 ಕಿಮೀ. 'ಎನ್' ಇದ್ದರೆ 140, 'ಕ್ಯೂ' ಇದ್ದರೆ 160. ಹಿಂದೆ ಜೋಡಿ ಚಕ್ರವಿರುವ ಗಾಡಿಗೆ ಎರಡನೇ ಅಂಕಿಯೇ ಲೆಕ್ಕ, ಮೊದಲನೆಯದನ್ನು ನೋಡಿ ಮೋಸಹೋಗಬೇಡಿ.

ಸೂಚ್ಯಂಕ ಏರಿದಂತೆ ಭಾರ ಹೀಗೆ ಏರುತ್ತದೆ: 112 ಎಂದರೆ 1120 ಕೆಜಿ, 116 ಎಂದರೆ 1250, 118 ಎಂದರೆ 1320. ಅಂಗಡಿಯವರು 'ಸೈಜ್ ಅದೇ ಸಾರ್, ಹಾಕಬಹುದು' ಎಂದಾಗ ಕೇಳಬೇಕಾದದ್ದು ಈ ಅಂಕಿ. ಒಂದೇ ಅಳತೆಯಲ್ಲಿ ಬೇರೆಬೇರೆ ಭಾರದ ಟೈರುಗಳು ಬರುತ್ತವೆ, ಬೆಲೆ ಕಡಿಮೆಯಿರುವುದು ಸಾಮಾನ್ಯವಾಗಿ ಕಡಿಮೆ ಹೊರುವುದಕ್ಕೆ. ದಾಖಲೆಯಲ್ಲಿ ಬರೆದ ಸೂಚ್ಯಂಕಕ್ಕಿಂತ ಕೆಳಗಿನದನ್ನು ಹಾಕಿದರೆ ಅಪಾಯದ ಜೊತೆಗೆ ತಪಾಸಣೆಯಲ್ಲಿ, ವಿಮೆಯಲ್ಲಿ ತಕರಾರೂ ಬರಬಹುದು.

ಅಳತೆ ಬದಲಿಸುವ ಆಸೆಯಾದರೆ ವ್ಯಾಸ ಲೆಕ್ಕಹಾಕಿ. 225/75 ಆರ್ 16ರ ಒಟ್ಟು ವ್ಯಾಸ ಸುಮಾರು 744 ಮಿಮೀ. 225/70 ಆರ್ 16ರದು ಸುಮಾರು 721. ಮೂರು ಶೇಕಡ ಚಿಕ್ಕದು, ಆದ್ದರಿಂದ ಸ್ಪೀಡೋಮೀಟರ್ ನಿಜಕ್ಕಿಂತ ಅಷ್ಟು ಹೆಚ್ಚು ತೋರಿಸುತ್ತದೆ. ದಾಖಲೆಯಲ್ಲಿ ಅನುಮತಿ ಇಲ್ಲದ ಅಳತೆಯ ಗೊಡವೆ ಬೇಡ ಎಂಬುದೇ ನನ್ನ ಮಾತು. ಉಳಿಯುವ ಹಣ ತೊಂದರೆಗೆ ಸಮವಲ್ಲ.

4. ಯಾವ ಜಾತಿಯ ಟೈರ್?

'ಸಿ' ಗುರುತಿನದು ಸರಕು ವ್ಯಾನಿನ ಟೈರ್. 'ಸಿಪಿ' ಮೋಟರ್‌ಹೋಮಿಗೆಂದೇ ಬಂದದ್ದು, ಸದಾ ಭಾರ ಹೊತ್ತು ನಿಲ್ಲುವುದನ್ನು ಎಣಿಸಿ ಕಟ್ಟಿದ ಗಟ್ಟಿ ಪಕ್ಕೆ. ಹಿಂದಿನ ಆಕ್ಸಲ್‌ನಲ್ಲಿ 5.5 ಬಾರ್, ಅಂದರೆ ಸುಮಾರು 80 ಪಿಎಸ್‌ಐ ಒತ್ತಡ ತಾಳುವಂಥದು. ವ್ಯಾನ್ ಟೈರಿನ ಮಾರುಕಟ್ಟೆ ದೊಡ್ಡದು, ಪೈಪೋಟಿ ಹೆಚ್ಚು, ಹಾಗಾಗಿ 'ಸಿ' ಅಗ್ಗವಾಗಿ ಸಿಗುತ್ತದೆ. ದಾಖಲೆಯಲ್ಲಿ 'ಸಿಪಿ' ಎಂದೇ ಇದ್ದರೆ ಬದಲಿಸುವ ಮುನ್ನ ನಿಮ್ಮಲ್ಲಿನ ನಿಯಮ ಕೇಳಿ. ಜೊತೆಗೆ ನಿಮಗೆ ಬೇಕಾದ ಒತ್ತಡವನ್ನು ಆ 'ಸಿ' ಟೈರಿಗೆ ಕಂಪನಿ ಒಪ್ಪುತ್ತದೆಯೇ ಎಂದೂ ಕೇಳಿ. ಎರಡಕ್ಕೂ ಹೌದು ಎಂಬ ಉತ್ತರ ಬಂದು, ತೂಕದಲ್ಲಿ ಒಳ್ಳೆಯ ಉಳಿಕೆ ಇದ್ದರೆ, ಹೆಚ್ಚು ಸೂಚ್ಯಂಕದ 'ಸಿ' ಟೈರ್ ಕಾಸು ಉಳಿಸುವ ಮಾನವಂತ ದಾರಿ.

ಅಮೆರಿಕದ ಮಾದರಿಯ ಗಾಡಿಗಳಲ್ಲಿ 'ಎಲ್‌ಟಿ' (ಲೈಟ್ ಟ್ರಕ್) ಟೈರುಗಳಿರುತ್ತವೆ. ಅಲ್ಲಿ ಭಾರದ ಶ್ರೇಣಿ ಅಕ್ಷರದಲ್ಲಿ: 'ಸಿ' ಎಂದರೆ 6 ಪ್ಲೈ (ಪದರ) ದರ್ಜೆ, 'ಡಿ' 8, 'ಇ' 10. ಈ 'ಸಿ'ಯೇ ಬೇರೆ, ಮೇಲೆ ಹೇಳಿದ ವ್ಯಾನಿನ 'ಸಿ'ಯೇ ಬೇರೆ, ಕಲಸಿಕೊಳ್ಳಬೇಡಿ. 'ಎಸ್‌ಟಿ' ಎಂದು ಶುರುವಾಗುವುದು ಟ್ರೇಲರಿನ ಟೈರ್. ಭಾರದ ಅಂಕಿ ದೊಡ್ಡದು, ಬೆಲೆ ಚಿಕ್ಕದು, ಆದರೆ ಎಳೆಸಿಕೊಂಡು ಹೋಗುವ ಚಕ್ರಕ್ಕಷ್ಟೇ. ಸ್ಟಿಯರಿಂಗ್ ಇರುವ, ಎಂಜಿನ್ ತಿರುಗಿಸುವ ಗಾಡಿಗೆ ಖಂಡಿತ ಹಾಕಬಾರದು.

22.5 ಇಂಚಿನ ರಿಮ್ ಇರುವ ದೊಡ್ಡ ಗಾಡಿಯವರಿಗೆ ಇನ್ನೊಂದು ಅನುಕೂಲವಿದೆ. ಅದು ಲಾರಿ, ಬಸ್ಸಿನ ಅಳತೆ. ಅಲಂಕಾರದ ಹೆಸರಿನ ಮೋಟರ್‌ಹೋಮ್ ಟೈರಿನ ಬದಲು ಎಲ್ಲ ಆಕ್ಸಲ್‌ಗೂ ಆಗುವ ಸಾಧಾರಣ ಲಾರಿ ಟೈರ್ ಹಾಕಿದರೂ ನಡೆಯುತ್ತದೆ. ಸವಾರಿ ತುಸು ಗಡಸಾಗಬಹುದು, ಅಷ್ಟೆ. ರೀಟ್ರೆಡ್ ಟೈರನ್ನು ಮಾತ್ರ ಮುಂದಿನ ಚಕ್ರಕ್ಕೆ ಹಾಕಬೇಡಿ. ಮೇಲ್ಮೈ ಹೊಸದು, ಒಳಗಿನ ಒಡಲು ಹಳೆಯದು, ಮತ್ತು ನಮ್ಮ ಶತ್ರುವೇ ವಯಸ್ಸು.

ಚಳಿ ಪ್ರದೇಶಕ್ಕೆ ಹೋಗುವವರು ಮೂರು ಶಿಖರಗಳ ನಡುವೆ ಹಿಮದ ಹೂವಿನ ಗುರುತಿರುವ ಟೈರ್ ನೋಡಿ. ಜರ್ಮನಿಯಲ್ಲಿ 2024ರ ಅಕ್ಟೋಬರಿನಿಂದ ಚಳಿಗಾಲದ ಟೈರಾಗಿ ಅದೇ ಗುರುತು ಬೇಕು, ಬರೀ 'ಎಂ ಪ್ಲಸ್ ಎಸ್' (ಕೆಸರು ಮತ್ತು ಹಿಮ) ಎಂಬ ಬರಹ ನಡೆಯುವುದಿಲ್ಲ.

5. ನಿಜವಾದ ಬೆಲೆ ಯಾವುದು

ವರ್ಷಕ್ಕೆ 6000 ಕಿಮೀ ಓಡುವ ಗಾಡಿ ಏಳು ವರ್ಷದಲ್ಲಿ ಓಡುವುದು 42,000 ಕಿಮೀ. 80,000 ಕಿಮೀ ಬಾಳುತ್ತದೆ ಎಂಬ ಹೊಗಳಿಕೆಗೆ ಹೆಚ್ಚು ಹಣ ಕೊಟ್ಟರೆ, ಆ ಹೆಚ್ಚಿನ ಹಣದ ಅರ್ಧ ಭಾಗ ಟೈರಿನ ಜೊತೆ ಗುಜರಿಗೆ ಹೋಗುತ್ತದೆ. ಆದ್ದರಿಂದ ದೀರ್ಘ ಬಾಳಿಕೆಯ ಮಾತನ್ನು ಆಚೆಗಿಡಿ. ಭಾರ, ಒದ್ದೆ ರಸ್ತೆಯ ಹಿಡಿತ, ತಾಜಾತನ, ಈ ಮೂರಕ್ಕೆ ಹಣ ಕೊಡಿ. ಯುರೋಪಿನಲ್ಲಿ ಮಾರುವ ಟೈರಿನ ಮೇಲೆ ಎ ಯಿಂದ ಇ ವರೆಗೆ ದರ್ಜೆ ತೋರಿಸುವ ಚೀಟಿ ಇರುತ್ತದೆ, ಎ ಎಲ್ಲಕ್ಕಿಂತ ಒಳ್ಳೆಯದು. ಅಗ್ಗದ ಎರಡು ಟೈರುಗಳ ನಡುವೆ ಗೊಂದಲವಾದರೆ ಒದ್ದೆ ಹಿಡಿತದ ದರ್ಜೆ ನೋಡಿ ತೀರ್ಮಾನಿಸಿ. ಮೂರೂವರೆ ಟನ್ ಗಾಡಿ ಮಳೆಯಲ್ಲಿ ನಿಲ್ಲುವುದು ಅದರ ಮೇಲೆಯೇ.

ಈಗ ರಿಯಾಯಿತಿಯ ಬಲೆ. ತಾಜಾ ಟೈರಿನ ಬೆಲೆ 100 ಎನ್ನೋಣ, ಕೂರಿಸುವ ಕೂಲಿ 15. ಏಳು ವರ್ಷಕ್ಕೆ 115, ವರ್ಷಕ್ಕೆ ಸುಮಾರು 16.4. ಗೋದಾಮಿನಲ್ಲಿ ಎರಡು ವರ್ಷ ಮಲಗಿದ ಅದೇ ಟೈರ್ ಶೇ 20 ಕಡಿತದಲ್ಲಿ 80ಕ್ಕೆ ಸಿಗುತ್ತದೆ. ಕೂಲಿ ಸೇರಿ 95, ಆದರೆ ಉಳಿದಿರುವುದು ಐದೇ ವರ್ಷ: ವರ್ಷಕ್ಕೆ 19. ಅಗ್ಗ ಎಂದುಕೊಂಡದ್ದು ದುಬಾರಿಯಾಯಿತು. ಈ ಲೆಕ್ಕದಲ್ಲಿ ಅದು ಸಮಕ್ಕೆ ಬರಬೇಕಾದರೆ ಸುಮಾರು 67ಕ್ಕೆ ಸಿಗಬೇಕು. ಕಡಿಮೆ ಹೆಸರಿನ ಕಂಪನಿಯ ತಾಜಾ ಟೈರ್ 65ಕ್ಕೆ ಸಿಕ್ಕು, ಅದನ್ನು ಎಚ್ಚರಕ್ಕಾಗಿ ಐದನೇ ವರ್ಷಕ್ಕೇ ಬದಲಿಸಿದರೂ ಕೂಲಿ ಸೇರಿ ವರ್ಷಕ್ಕೆ 16. ದೊಡ್ಡ ಹೆಸರಿನದಕ್ಕೂ ಇದಕ್ಕೂ ಹೆಚ್ಚೇನೂ ಅಂತರವಿಲ್ಲ, ಕೈಯಿಂದ ಒಮ್ಮೆಗೆ ಹೋಗುವ ಹಣ ಮಾತ್ರ ಕಡಿಮೆ. ನಿಮ್ಮ ಬೆಲೆಗಳನ್ನು ಇದೇ ರೀತಿ ಕೂಡಿ ಭಾಗಿಸಿ ನೋಡಿ, ಐದು ನಿಮಿಷದ ಕೆಲಸ.

ಬಳಸಿದ ಟೈರ್ ಬೇಡವೇ ಬೇಡ. 'ಹೆಚ್ಚು ಓಡಿಲ್ಲ, ಅಚ್ಚು ಹಾಗೇ ಇದೆ' ಎನ್ನುವುದೇ ಮೋಟರ್‌ಹೋಮ್ ಟೈರಿನ ಕಾಯಿಲೆಯ ಲಕ್ಷಣ.

ನ್ಯಾಯವಾಗಿ ಉಳಿಸುವ ದಾರಿಗಳೂ ಇವೆ. ಮೋಟರ್‌ಹೋಮ್ ಸಂಘಗಳು ಸದಸ್ಯರಿಗೆ ಸಗಟು ದರ ಕೊಡಿಸುವುದುಂಟು. ಪ್ರವಾಸದ ಕಾಲಕ್ಕೆ ಮುಂಚೆ, ಅಂಗಡಿ ಬಿಡುವಾಗಿರುವಾಗ ಕೊಂಡರೆ ಚೌಕಾಸಿಗೆ ಜಾಗವಿರುತ್ತದೆ. ಕಾರಿನ ಟೈರ್ ಅಂಗಡಿಗಿಂತ ಲಾರಿ-ವ್ಯಾನಿನ ಟೈರ್ ಮಾರುವವರಲ್ಲಿ ಆಯ್ಕೆ ಹೆಚ್ಚು, ಸರಕು ಬೇಗ ಖರ್ಚಾಗುವುದರಿಂದ ತಾಜಾ ಸಿಗುವ ಸಾಧ್ಯತೆಯೂ ಹೆಚ್ಚು. ದಾರಿ ಮಧ್ಯೆ ಟೈರ್ ಸಿಡಿದ ಮೇಲೆ ಕೊಳ್ಳುವವನಿಗೆ ಮಾತ್ರ ಯಾವ ಚೌಕಾಸಿಯೂ ಇಲ್ಲ.

6. ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕೇ?

ಬೇಕಿಲ್ಲ, ಆದರೆ ಒಂದು ಆಕ್ಸಲ್ ಪೂರ್ತಿ ಬದಲಿಸಬೇಕು. ಜೋಡಿ ಚಕ್ರದ ಗಾಡಿಯಲ್ಲಿ ಹಣ ಸಾಲದಿದ್ದರೆ ಮೊದಲು ಮುಂದಿನ ಎರಡು: ಮುಂದಿನದು ಸಿಡಿದರೆ ಸ್ಟಿಯರಿಂಗ್ ಕೈತಪ್ಪುತ್ತದೆ, ಆ ಕಡೆ ಆಸರೆಗೆ ಇನ್ನೊಂದು ಚಕ್ರವಿಲ್ಲ. ಮುಂದಿನ ವರ್ಷ ಹಿಂದಿನ ನಾಲ್ಕು. ಹಿಂದೆ ಒಂಟಿ ಚಕ್ರವಿರುವ ವ್ಯಾನ್ ಮಾದರಿಯಲ್ಲಿ ಹಿಂದಿನ ಆಕ್ಸಲ್ ತುಂಬ ಭಾರ ಹೊರುವುದರಿಂದ, ಎಲ್ಲದರ ವಯಸ್ಸೂ ಒಂದೇ ಆಗಿದ್ದರೆ ನಾಲ್ಕನ್ನೂ ಒಟ್ಟಿಗೆ ಮಾಡಿಬಿಡುವುದು ಒಳ್ಳೆಯದು.

ಜೋಡಿ ಚಕ್ರಗಳ ಎರಡು ಟೈರುಗಳ ಸುತ್ತಳತೆ ಸಮನಾಗಿರಬೇಕು. ಒಂದು ಹೊಸದು, ಒಂದು ಸವೆದದ್ದು ಜೊತೆಯಾದರೆ ದೊಡ್ಡದೇ ಭಾರವನ್ನೆಲ್ಲ ಹೊತ್ತು ಬಿಸಿಯಾಗುತ್ತದೆ, ಚಿಕ್ಕದು ಉಜ್ಜಿಕೊಂಡು ಸವೆಯುತ್ತದೆ. ಕಂಪನಿಗಳನ್ನು ಬೆರೆಸಬೇಡಿ. ಇದೇ ಹೊತ್ತಿನಲ್ಲಿ ಸ್ಟೆಪ್ನಿಯ ತಾರೀಖನ್ನೂ ಓದಿ. ಗಾಡಿ ಕೊಂಡಾಗಿನಿಂದ ಯಾರೂ ಮುಟ್ಟದೆ ಅಲ್ಲೇ ನೇತಾಡುತ್ತಿರುವುದು ಸಾಮಾನ್ಯ.

7. ಆರ್ಡರ್ ಕೊಡುವಾಗ, ಕೂರಿಸುವ ದಿನ

ಫೋನಿನಲ್ಲೇ ಕೇಳಿ: ತಯಾರಿಕೆಯ ವಾರ ಯಾವುದು? ಆರು ತಿಂಗಳೊಳಗಿನದು ಕೊಡುತ್ತೀರಾ? ಹೇಳಿದ ಬೆಲೆಯಲ್ಲಿ ವಾಲ್ವ್, ಬ್ಯಾಲೆನ್ಸಿಂಗ್, ಹಳೆಯ ಟೈರ್ ವಿಲೇವಾರಿ, ತೆರಿಗೆ ಎಲ್ಲ ಸೇರಿದೆಯೇ? ನನ್ನ ಗಾಡಿಯ ಎತ್ತರ, ತೂಕಕ್ಕೆ ನಿಮ್ಮಲ್ಲಿ ಜಾಗ, ಜಾಕಿ ಇದೆಯೇ? ಕೊನೆಯ ಪ್ರಶ್ನೆ ತಮಾಷೆಯಲ್ಲ. ಗಾಡಿ ತೆಗೆದುಕೊಂಡು ಹೋದ ಮೇಲೆ 'ಇದು ನಮ್ಮ ಶೆಡ್ಡಿಗೆ ಹೋಗಲ್ಲ' ಎಂದರೆ ಒಂದು ದಿನ ದಂಡ.

ಅಂಗಡಿಯಲ್ಲಿ ಟೈರ್ ರಿಮ್ಮಿಗೆ ಕೂರುವ ಮುಂಚೆಯೇ ಪ್ರತಿಯೊಂದರ ತಾರೀಖು ಓದಿಕೊಳ್ಳಿ. ಹೊಂದದಿದ್ದರೆ ಆಗಲೇ ಹೇಳಬೇಕು, ಕೂತ ಮೇಲೆ ವಾದ ಕಷ್ಟ. ಹಳೆಯ ವಾಲ್ವನ್ನೇ ಉಳಿಸಿಕೊಳ್ಳಬೇಡಿ, ಹೊಸದು ಹಾಕಿಸಿ. ಕಾರಿನ ಸಾಮಾನ್ಯ ರಬ್ಬರ್ ವಾಲ್ವ್ ಸುಮಾರು 65 ಪಿಎಸ್‌ಐ ವರೆಗಿನದು, 80 ತುಂಬುವಲ್ಲಿ ಲೋಹದ ವಾಲ್ವೇ ಬೇಕು. ಚಿಕ್ಕ ಖರ್ಚು, ಆದರೆ ಹೊಸ ಟೈರನ್ನು ದಾರಿಯಲ್ಲಿ ಕೊಲ್ಲುವುದು ಹಲವು ಸಲ ಹಳೆಯ ವಾಲ್ವೇ. ಜೋಡಿ ಚಕ್ರದ ಒಳಗಿನ ವಾಲ್ವ್‌ಗೆ ಕೈ ಸಿಗುವಂತೆ ಕೂರಿಸಿದ್ದಾರೆಯೇ ನೋಡಿ, ಸಿಗದಿದ್ದರೆ ಆ ಟೈರಿನ ಗಾಳಿಯನ್ನು ನೀವು ಮುಂದೆಂದೂ ನೋಡುವುದಿಲ್ಲ.

ಗಾಡಿಯನ್ನು ಸಮತಟ್ಟು ಮಾಡುವ ಕಾಲುಗಳ ಮೇಲೆ ಎತ್ತಿ ಚಕ್ರ ಬಿಚ್ಚಲು ಬಿಡಬೇಡಿ, ಆಕ್ಸಲ್ ಕೆಳಗೆ ಜಾಕಿ ಬರಲಿ. ನಟ್‌ಗಳನ್ನು ಕೊನೆಗೆ ಟಾರ್ಕ್ ವ್ರೆಂಚಿನಿಂದ ಗಾಡಿಯ ಕೈಪಿಡಿಯ ಅಳತೆಗೆ ಬಿಗಿಸಬೇಕು. 50-100 ಕಿಮೀ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಅಲೈನ್‌ಮೆಂಟ್ ಮಾಡಿಸುವುದಾದರೆ ಸಾಮಾನು ತುಂಬಿದ ಗಾಡಿಯಲ್ಲೇ ಮಾಡಿಸಿ.

8. ಗಾಳಿ, ಮತ್ತು ನಿಲ್ಲಿಸುವ ಬಗೆ

ತೂಕದ ಚೀಟಿ ಎರಡನೇ ಸಲ ಕೆಲಸಕ್ಕೆ ಬರುವುದು ಇಲ್ಲಿ. ಟೈರ್ ಕಂಪನಿಗಳು ಯಾವ ಭಾರಕ್ಕೆ ಎಷ್ಟು ಒತ್ತಡ ಎಂಬ ಪಟ್ಟಿ ಕೊಡುತ್ತವೆ. ಆಕ್ಸಲ್‌ನ ಭಾರವಾದ ಬದಿಯ ಅಂಕಿ ಹಿಡಿದು ಒತ್ತಡ ನೋಡಿ, ಎರಡೂ ಬದಿಗೆ ಅದನ್ನೇ ತುಂಬಿಸಿ. ಪಕ್ಕೆಯಲ್ಲಿ ಗರಿಷ್ಠ ಭಾರದ ಜೊತೆ ಅಚ್ಚಾದ ಒತ್ತಡ ಆ ಭಾರಕ್ಕೆ ಬೇಕಾದದ್ದು. ಕಡಿಮೆ ಭಾರದ ಗಾಡಿಗೆ ಅಷ್ಟನ್ನೂ ತುಂಬಿದರೆ ಪಾತ್ರೆಗಳೆಲ್ಲ ಗಡಗಡ ಎನ್ನುತ್ತವೆ, ಬ್ರೇಕ್ ಹಿಡಿತವೂ ತಗ್ಗುತ್ತದೆ. ಅಳೆಯುವುದು ತಣ್ಣಗಿರುವಾಗ, ಗಾಡಿ ಮೂರು ಗಂಟೆಯಾದರೂ ನಿಂತ ಮೇಲೆ. ಓಡಿ ಬಿಸಿಯಾದಾಗ ಏರಿದ ಒತ್ತಡವನ್ನು ಇಳಿಸಬೇಡಿ. ಟೈರ್ ಸಿಡಿಯುವುದಕ್ಕೆ ದೊಡ್ಡ ಕಾರಣ ಕಡಿಮೆ ಗಾಳಿಯಿಂದ ಹುಟ್ಟುವ ಬಿಸಿ. ಜೋಡಿ ಚಕ್ರದಲ್ಲಿ ಒಂದು ಪಂಕ್ಚರ್ ಆದರೂ ಹೊರಗೆ ಕಾಣುವುದಿಲ್ಲ, ಪಕ್ಕದ್ದು ಸದ್ದಿಲ್ಲದೆ ಎರಡರ ಭಾರ ಹೊರುತ್ತದೆ. ಟೈರಿನ ಒತ್ತಡ ತೋರಿಸುವ ಸೆನ್ಸರ್‌ಗಳಿಗೆ ಹಣ ಹಾಕುವುದಾದರೆ ಅಂಥ ಗಾಡಿಯವರು ಮೊದಲು ಹಾಕಬೇಕು.

ನಿಲ್ಲಿಸುವಾಗ ಟೈರಿಗೆ ಬಿಳಿ ಅಥವಾ ತೆಳುಬಣ್ಣದ ಹೊದಿಕೆ ಹಾಕಿ. ಹಲಗೆಯ ಮೇಲೆ ಹತ್ತಿಸುವುದಾದರೆ ನೆಲಕ್ಕೆ ತಾಗುವ ಇಡೀ ಭಾಗ ಹಲಗೆಯ ಮೇಲಿರಲಿ, ಜೋಡಿಯಿದ್ದರೆ ಎರಡೂ ಇರಲಿ. ಹೊಳಪಿನ ಎಣ್ಣೆ, ಪೆಟ್ರೋಲಿಯಂ ಬೆರೆತ ದ್ರಾವಣ ಹಚ್ಚಬೇಡಿ, ಸೋಪು ನೀರು ಸಾಕು. ಚಾರ್ಜರ್, ಜನರೇಟರ್, ವೆಲ್ಡಿಂಗ್ ಯಂತ್ರದಿಂದ ದೂರವಿಡಿ, ಕಿಡಿ ಹಾರುವ ವಿದ್ಯುತ್ ಯಂತ್ರಗಳು ಓಝೋನ್ ಹುಟ್ಟಿಸುತ್ತವೆ. ತಿಂಗಳಿಗೊಮ್ಮೆ, ಆಗದಿದ್ದರೆ ಎರಡು ತಿಂಗಳಿಗೊಮ್ಮೆ ಗಾಡಿ ತೆಗೆದು ಟೈರ್ ಬೆಚ್ಚಗಾಗುವಷ್ಟು ದೂರ ಓಡಿಸಿ ತನ್ನಿ. ಒಳಗಿನ ಮೇಣ ಮೇಲ್ಮೈಗೆ ಬರಲು ಅಷ್ಟು ಬಾಗುವಿಕೆ ಬೇಕು.